ಅಶೋಕದ ಚಕ್ಕೆ

ಚಾಮರಾಜಪೇಟೆಯಲ್ಲಿ ನಮ್ಮದು ಗ್ರಂಧಿಗೆ ಅಂಗಡಿ. ಔಷಧಿಯ ನಾರು, ಬೇರು, ಚಕ್ಕೆ ಮಾರುವುದು ಅಪ್ಪನ ಕಾಲದಿಂದ ಬಂದ ಕಸುಬು. ತೊಂಬತ್ತರ ದಶಕದಲ್ಲಿ ಒಂದು ದಿನ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತರಾಗಿದ್ದ ಮೇಡಂ ಒಬ್ಬರು ಮಗಳ ಕಷಾಯಕ್ಕೆಂದು ಅಶೋಕದ ಚಕ್ಕೆ ಕೇಳಿದರು. ಕೊಟ್ಟೆ. ಮುರಿದು ನೋಡಿ, "ಇದು ಅಶೋಕ ಅಲ್ಲ ಯಜಮಾನ್ರೇ. ಬಂಗಲೆ ಕಾಂಪೌಂಡಲ್ಲಿ ಕಂಬದ ಹಾಗೆ ನಿಂತಿರುತ್ತಲ್ಲ, ಆ ಮರದ್ದು. ಜನ ಅದಕ್ಕೂ ಅಶೋಕ ಅಂತಾರೆ ಅಷ್ಟೆ" ಅಂದರು.

"ಮೂವತ್ತು ವರ್ಷದಿಂದ ಇದನ್ನೇ ಮಾರ್ತಿದೀನಮ್ಮ."

"ಮರ ನೋಡಿದೀರಾ?"

ನೋಡಿರಲಿಲ್ಲ. ನಾನು ನೋಡಿದ್ದು ಮೂಟೆ ಮಾತ್ರ. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು.

ಮಾರನೇ ಬೆಳಿಗ್ಗೆ ಮೇಡಂ ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ ನಿಜವಾದ ಅಶೋಕ ತೋರಿಸಿದರು. ಕೊಂಬೆಗೇ ಅಂಟಿಕೊಂಡ ಕಿತ್ತಳೆ ಬಣ್ಣದ ಹೂಗೊಂಚಲು. ಐವತ್ತೈದನೇ ವಯಸ್ಸಿನಲ್ಲಿ ಕನ್ನಡಕ ಏರಿಸಿಕೊಂಡು ಎಲೆ, ತೊಗಟೆ ಎಲ್ಲ ಮುಟ್ಟಿ ನೋಡಿದೆ. ಅಂಗಡಿಗೆ ಬಂದವನೇ ಆ ಸುಳ್ಳು ಚಕ್ಕೆಯನ್ನೆಲ್ಲ ಮನೆಯ ನೀರೊಲೆಗೆ ಹಾಕಿಸಿದೆ. ಆಮೇಲೆ ಭಾನುವಾರಕ್ಕೊಂದು ಗಿಡವೋ ಮರವೋ ನೋಡಿ ಬರುವುದು ರೂಢಿಯಾಯಿತು.

ಮುಂದಿನ ಸಲ ಅಶೋಕದ ಮೂಟೆ ಬಂದಾಗ ಬಿಚ್ಚಿ ನೋಡಿದರೆ ಮತ್ತೆ ಅದೇ ಕಂಬದ ಮರದ್ದು. "ವಾಪಸ್ ತಗೊಂಡು ಹೋಗಿ" ಎಂದೆ. ಮಾಲು ತಂದವರು ನಕ್ಕರು. "ಏನ್ ಸ್ವಾಮಿ, ಇಷ್ಟು ವರ್ಷ ಇಲ್ಲದ್ದು? ಇದನ್ನೆಲ್ಲ ಯಾರು ಕೇಳ್ತಾರೆ?"

"ನಾನು ಕೇಳ್ತಿದೀನಲ್ಲ" ಅಂದೆ. ಮೂಟೆ ಹೋಯಿತು, ಹದಿನೈದು ದಿನಕ್ಕೆ ಸರಿಯಾದ ಚಕ್ಕೆ ಬಂತು.

ಈಗ ಅನುಮಾನ ಬಂದರೆ ಬೇರೆ ಅಂಗಡಿಯವರೂ ಚಕ್ಕೆ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ನಾನು ಮೊದಲು, "ಮರ ನೋಡಿದೀರಾ?" ಅಂತ ಕೇಳುತ್ತೇನೆ. ಆಗ ಅವರ ಮುಖ ನೋಡಬೇಕು. ನನ್ನದೂ ಹಾಗೇ ಇತ್ತು ಅಂತ ಮಾತ್ರ ಹೇಳುವುದಿಲ್ಲ.