ಜಲಪಾತಕ್ಕೆ ಒಯ್ದ ಮಡಿಲಕ್ಕಿ

ಯುಗಾದಿ ಕಳೆದ ಮೇಲಿನ ಭಾನುವಾರ ಸೊರಬದ ಕಡೆಯ ಕಾಡಿನಲ್ಲಿ ಅರಣ್ಯ ಇಲಾಖೆಯವರು ಜಲಪಾತದವರೆಗೆ ನಡಿಗೆ ಇಟ್ಟಿದ್ದರು. "ಮನ್ಯಾಗೆ ಕುಂತು ಏನು ಮಾಡ್ತೀರಿ ಅತ್ತಿಗೆ, ಬರ್ರಿ" ಎಂದು ನಾದಿನಿ ನನ್ನ ಹೆಸರನ್ನೂ ಬರೆಸಿದ್ದಳು. ಶಿಕಾರಿಪುರದಿಂದ ವ್ಯಾನಿನಲ್ಲಿ ಹೋದೆವು. ಶಿರಾಳಕೊಪ್ಪ ಯಾವಾಗ ದಾಟಿತೋ ನನಗೆ ಗೊತ್ತಾಗಲಿಲ್ಲ.

ನನ್ನ ಚೀಲದಲ್ಲಿ ಅಕ್ಕಿ, ತೆಂಗಿನಕಾಯಿ, ರವಿಕೆ ಕಣ, ಗಾಜಿನ ಬಳೆ ಇದ್ದವು.

"ಏನ್ರಿ ಅತ್ತಿಗೆ, ಕಿರಾಣಿ ಅಂಗಡೀನೇ ಹೊತ್ಕಂಡು ಬಂದೀರಲ್ಲ" ಎಂದಳು ನಾದಿನಿ. ನಗು ಬರಲಿಲ್ಲ, ಬೇಸರವೂ ಆಗಲಿಲ್ಲ.

ಅದು ಹರಕೆಯ ಮಡಿಲಕ್ಕಿ. ಚಳಿಗಾಲದಲ್ಲಿ ನನ್ನ ವಾರಗಿತ್ತಿ ಆಸ್ಪತ್ರೆಯಲ್ಲಿದ್ದಾಗ, ಅವಳು ಮನೆಗೆ ಬಂದರೆ ಆ ಜಲಪಾತದ ಗಂಗಮ್ಮನಿಗೆ ಕೊಡುತ್ತೇನೆ ಎಂದು ಬೇಡಿಕೊಂಡಿದ್ದೆ. ಬಂದಳು. ಒಂಬತ್ತು ದಿನ ಇದ್ದು ಹೋದಳು. ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಇದ್ದವರು ನಾವು. ಬದುಕಲಿ ಎಂದು ಕೇಳಬೇಕಿತ್ತು, ಮನೆಗೆ ಬರಲಿ ಎಂದಷ್ಟೇ ಕೇಳಿದೆ. ಕೇಳಿದ್ದನ್ನು ಗಂಗಮ್ಮ ಕೊಟ್ಟಿದ್ದಾಳೆ. ಒಂಬತ್ತು ದಿನ ನನ್ನ ಕೈಯ ಗಂಜಿ ಕುಡಿದಳು. ಹರಕೆ ತೀರಿಸದೆ ಇರಲಾದೀತೆ?

ದಾರಿ ತೋರಿಸುತ್ತಿದ್ದವಳು ಖಾಕಿ ತೊಟ್ಟ ಫಾರೆಸ್ಟ್ ಗಾರ್ಡ್, ಸೊರಬದ ಹೆಣ್ಣುಮಗಳು. ಮುತ್ತುಗದ ಹೂ ತೋರಿಸಿದಳು, ಹೊಂಗೆಯ ಚಿಗುರು ತೋರಿಸಿದಳು. ಎಲ್ಲರೂ ಫೋನ್ ಎತ್ತಿದರು. ನಾನೂ ನೋಡಿದೆ. ಕೆಂಪು ಇತ್ತು, ಹಸಿರು ಇತ್ತು. ಕಲ್ಲು ಒಣಗಿತ್ತು, ಕಾಲಿಗೆ ಇಂಬಳ ಹತ್ತಲಿಲ್ಲ, ಮಂಡಿ ನೋಯಲಿಲ್ಲ. ಅಷ್ಟು ಗಂಗಮ್ಮನ ದಯೆ.

ಬಂಡೆಯ ಮೇಲಿಂದ ನೀರು ಎರಡು ಎಳೆಯಾಗಿ ಇಳಿಯುತ್ತಿತ್ತು. ಚೀಲ ಬಿಚ್ಚಿದೆ.

"ಅಕ್ಕಾ, ನೀರಿಗೆ ಏನೂ ಹಾಕಂಗಿಲ್ಲ ಕಣ್ರೀ" ಎಂದಳು ಗಾರ್ಡ್. "ಬಳೆ ಚೂರು ಪ್ರಾಣಿ ಕಾಲಿಗೆ ಚುಚ್ಚುತ್ತೆ."

ಅವಳಿಗೆ ಹರಕೆಯ ಸಂಗತಿ ಹೇಳಿದೆ. ಅಳು ಬರಲಿಲ್ಲ, ಸಾಮಾನಿನ ಪಟ್ಟಿ ಒಪ್ಪಿಸಿದ ಹಾಗೆ ಹೇಳಿ ಮುಗಿಸಿದೆ. ಈ ನೀರು ಕಾಯುವವಳು ಇವಳೇ ಅಲ್ಲವೇ ಅನ್ನಿಸಿತು.

"ನಿಮ್ಮ ಮಡಿಲಿಗೇ ಹಾಕ್ಲೇನಮ್ಮ?" ಎಂದೆ.

"ನಂಗಾ? ಈ ಯೂನಿಫಾರ್ಮಲ್ಲಿ ಸೆರಗು ಎಲ್ಲಿಂದ ತರ್ಲಿ ಅಕ್ಕಾ?"

"ಟೋಪಿ ಐತಲ್ಲ" ಎಂದಳು ನಾದಿನಿ.

ಗಾರ್ಡ್ ಬೂಟು ಕಳಚಿ, ಪೂರ್ವಕ್ಕೆ ಮುಖ ಮಾಡಿ, ಟೋಪಿಯನ್ನು ಎರಡೂ ಕೈಯಲ್ಲಿ ಒಡ್ಡಿದಳು. ಐದು ಸಲ ಅಕ್ಕಿ ಹಾಕಿ, ಮೇಲೆ ಕಾಯಿ, ಕಣ, ಬಳೆ ಇಟ್ಟೆ. ಪದ್ಧತಿ ಅವಳಿಗೂ ಗೊತ್ತಿತ್ತು. ಒಂದು ಹಿಡಿ ಅಕ್ಕಿಯನ್ನು ತಿರುಗಿ ನನ್ನ ಸೆರಗಿಗೆ ಹಾಕಿದಳು. ಗಂಟು ಕಟ್ಟಿಕೊಂಡೆ.

ಹರಕೆ ತೀರಿತು. ವಾರಗಿತ್ತಿಗಾಗಿ ಮಾಡುವ ಕೆಲಸ ಇನ್ನು ಯಾವುದೂ ಉಳಿದಿಲ್ಲ ಎಂದು ವ್ಯಾನ್ ಹತ್ತಿದ ಮೇಲೆ ಹೊಳೆಯಿತು. ಮನೆಗೆ ಬಂದು ಕೈಕಾಲು ತೊಳೆದೆ, ದೀಪ ಹಚ್ಚಿದೆ. ಸೆರಗಿನ ಗಂಟು ಬಿಚ್ಚದೆ, ಡಬ್ಬಿಯಿಂದ ಬೇರೆ ಅಕ್ಕಿ ತೆಗೆದು ಅನ್ನಕ್ಕಿಟ್ಟೆ.