ಹೊಸ ಚೆಂಡಿಗೆ ಕೆಸರು ಹಚ್ಚುವ ಬೇಬಿಯಕ್ಕ

ಬೆಳಗಿನ ಐದೂಕಾಲಿಗೆ ಅಮೆರಿಕದ ಆಲ್ಡರ್ಸ್ ಫೆರಿ ಎಂಬ ಊರಿನ ಬೇಸ್‌ಬಾಲ್ ಮೈದಾನದಲ್ಲಿ ದೀಪ ಉರಿಯುವುದು ಒಂದೇ ಕಿಟಕಿಯಲ್ಲಿ. ಅದು ಆಟಗಾರರ ಬಟ್ಟೆ ಒಗೆಯುವ ಕೋಣೆ. ಒಳಗೆ ಎರಡು ದೊಡ್ಡ ವಾಷಿಂಗ್ ಮಷೀನುಗಳ ನಡುವೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಬೇಬಿ ಶೆಟ್ಟಿಗಾರ್ ಕೂತಿದ್ದಾರೆ. ಚೂಡಿದಾರದ ಮೇಲೆ ಸ್ವೆಟರ್, ಅದರ ಮೇಲೆ ತಂಡದ ಹಳೆಯ ಜಾಕೆಟ್. ಎಡಗಡೆ ಹೊಚ್ಚ ಹೊಸ ಚೆಂಡುಗಳ ಪೆಟ್ಟಿಗೆ, ಬಲಗಡೆ ಬಿಳಿಯ ಖಾಲಿ ಬಕೆಟ್, ಮುಂದೆ ಒಂದು ಡಬ್ಬಿಯಲ್ಲಿ ಕೆಸರು. ಹೌದು, ಕೆಸರೇ.

ಬೇಬಿಯಕ್ಕ ಚೆಂಡೊಂದನ್ನು ತೆಗೆದುಕೊಳ್ಳುತ್ತಾರೆ. ಅಂಗೈಗೆ ನಾಲ್ಕು ಹನಿ ನೀರು, ಒಂದು ಚಿಟಿಕೆ ಕೆಸರು. ಎರಡೂ ಅಂಗೈಗಳ ನಡುವೆ ಚೆಂಡು ತಿರುಗುತ್ತದೆ, ಹೆಬ್ಬೆರಳು ಹೊಲಿಗೆಯನ್ನು ತಪ್ಪಿಸಿಕೊಂಡು ಚರ್ಮದ ಮೇಲೆ ಓಡಾಡುತ್ತದೆ. ಮುಕ್ಕಾಲು ನಿಮಿಷದಲ್ಲಿ ಹಾಲಿನಂತೆ ಬೆಳ್ಳಗಿದ್ದ ಚೆಂಡು ಮಾಸಲಾಗಿ ಬಕೆಟಿಗೆ ಬೀಳುತ್ತದೆ. ದಿನಕ್ಕೆ ಎಂಟು ಡಜನ್, ಅಂದರೆ ತೊಂಬತ್ತಾರು. ಏಳು ಗಂಟೆಗೆ ಆಟಗಾರರು ಬರುವಷ್ಟರಲ್ಲಿ ಎಲ್ಲವೂ ಮುಗಿದಿರಬೇಕು.

ನಾನು ಕ್ರಿಕೆಟ್ ನೋಡಿಕೊಂಡು ಬೆಳೆದವಳು. ಚೆಂಡಿನ ಹೊಳಪು ಹೋಗದಿರಲೆಂದು ಬೌಲರುಗಳು ಪ್ಯಾಂಟು ಕೆಂಪಾಗುವವರೆಗೆ ಉಜ್ಜುವುದನ್ನು ಕಂಡವಳು. ಇಲ್ಲಿ ನೋಡಿದರೆ ಹೊಸ ಚೆಂಡಿನ ಹೊಳಪು ತೆಗೆಯಲೆಂದೇ ಒಬ್ಬರು ಕತ್ತಲಲ್ಲಿ ಎದ್ದು ಬರುತ್ತಾರೆ. ಇದೆಂಥ ಉಲ್ಟಾ ಲೋಕವಪ್ಪಾ ಎಂದುಕೊಂಡು ಕಾರಣ ಕೇಳುತ್ತೇನೆ.

"ಹೊಸ ಚೆಂಡು ಜಾರ್ತದೆ. ಗಂಟೆಗೆ ತೊಂಬತ್ತು ಮೈಲಿ ಸ್ಪೀಡಲ್ಲಿ ಬಿಸಾಡುವಾಗ ಕೈ ಜಾರಿದ್ರೆ ಎಲ್ಲಿಗೆ ಹೋಗ್ತದೆ ಹೇಳಿ? ಬ್ಯಾಟ್ ಹಿಡ್ಕೊಂಡು ನಿಂತವನ ತಲೆಗೆ" ಎನ್ನುತ್ತಾರೆ ಬೇಬಿಯಕ್ಕ. "ಹಾಗಂತ ಹೆಚ್ಚು ಹಚ್ಲಿಕ್ಕೂ ಇಲ್ಲ. ಚೆಂಡು ಕಪ್ಪಾದ್ರೆ ಅವನಿಗೆ ಕಾಣುದಿಲ್ಲ. ಎರಡರ ಮಧ್ಯೆ ಒಂದು ಹದ ಉಂಟು. ಅದನ್ನು ಬಾಯಲ್ಲಿ ಹೇಳ್ಲಿಕ್ಕೆ ಬರುದಿಲ್ಲ ಮಾರಾಯ್ರೆ, ಬೆರಳಿಗೆ ಗೊತ್ತಾಗ್ತದೆ ಅಷ್ಟೆ."

ಕೆಸರು ಬರುವುದು ದಕ್ಷಿಣ ನ್ಯೂಜೆರ್ಸಿಯ ನದಿ ದಂಡೆಯಿಂದ. ಡಬ್ಬಿಯೊಳಗೆ ಬೆರಳಿಟ್ಟು ನೋಡಿದೆ, ತೇಯ್ದ ಗಂಧದಷ್ಟು ನುಣುಪು. ಕೈ ಕೆಸರಾದರೆ ಬಾಯಿ ಮೊಸರು ಎಂದು ನಾನೊಂದು ಗಾದೆ ಬಿಡುತ್ತೇನೆ. "ಮೊಸರಿಗೆ ಹೆಪ್ಪು ಹಾಕುದು ನಮ್ಮ ಮನೇಲಿ ಇವರು. ನನ್ನದು ಕೆಸರು ಮಾತ್ರ" ಎಂದು ಬೇಬಿಯಕ್ಕ ತಲೆ ಎತ್ತದೆ ಉತ್ತರಿಸುತ್ತಾರೆ. ಇವರು ಅಂದರೆ ಪತಿ ಶಾಂತಾರಾಮ, ಅದೇ ನ್ಯೂಜೆರ್ಸಿಯ ಎಡಿಸನ್‌ನ ಹೋಟೆಲೊಂದರಲ್ಲಿ ಅಡುಗೆಯವರು. ಕೆಲಸಕ್ಕೆ ಹೋಗುವ ಮೊದಲು ಹೆಂಡತಿಯನ್ನು ಕಾರಿನಲ್ಲಿ ಇಲ್ಲಿ ಇಳಿಸಿ ಹೋಗುತ್ತಾರೆ.

ನನಗೆ ಬೇಬಿಯಕ್ಕ ಸಿಕ್ಕಿದ್ದೂ ಎಡಿಸನ್‌ನಲ್ಲೇ, ಕನ್ನಡ ಸಂಘದ ಯುಗಾದಿ ಊಟದಲ್ಲಿ. ಹೋಳಿಗೆ ಬಡಿಸುತ್ತಿದ್ದವರ ಉಗುರಿನ ಸುತ್ತ ಕಂದುಬಣ್ಣ ಕಂಡು ಮೆಹಂದಿಯಾ ಎಂದು ಕೇಳಿದ್ದೆ. "ಅಲ್ಲ, ಕೆಸರು. ತೊಳೆದ್ರೂ ಹೋಗುದಿಲ್ಲ, ಹೆದರ್ಬೇಡಿ" ಎಂದು ಎಲೆಗೆ ಇನ್ನೊಂದು ಹೋಳಿಗೆ ಹಾಕಿ ಮುಂದೆ ಹೋಗಿದ್ದರು. ಅಂಥ ಮಾತು ಕೇಳಿದ ಮೇಲೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ನನ್ನ ಮನೆಯಿರುವ ಕೆಂಡಲ್ ಪಾರ್ಕ್‌ನಿಂದ ಒಂದು ಗಂಟೆಗೂ ಹೆಚ್ಚು ಡ್ರೈವ್ ಮಾಡಿಕೊಂಡು ಬಂದಿದ್ದೇನೆ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು. ಪಂದ್ಯಗಳ ಋತು ಶುರುವಾಗುವ ಮುನ್ನ ಪ್ರತಿ ತಂಡವೂ ಕೆಲವು ವಾರ ಒಂದೆಡೆ ಬೀಡುಬಿಟ್ಟು ಅಭ್ಯಾಸ ಮಾಡುತ್ತದೆ. ಅದೇ ಸ್ಪ್ರಿಂಗ್ ಟ್ರೇನಿಂಗ್. ದೊಡ್ಡ ತಂಡಗಳು ಬಿಸಿಲು ಹುಡುಕಿಕೊಂಡು ಫ್ಲಾರಿಡಾಕ್ಕೋ ಅರಿಜೋನಾಕ್ಕೋ ಹೋಗುತ್ತವೆ. ಹೆರನ್ಸ್ ಎಂಬ ಈ ಚಿಕ್ಕ ತಂಡ ಮಾತ್ರ ಅರವತ್ತೊಂದು ವರ್ಷಗಳಿಂದ ಪ್ರತಿ ಏಪ್ರಿಲ್‌ನಲ್ಲಿ ಮೂರು ವಾರ ಇದೇ ಚಳಿಯ ಊರಿಗೆ ಬರುತ್ತಿದೆ. ತಂಡ ಕಟ್ಟಿದವರಿಗೆ ಇಲ್ಲಿ ಟೊಮೆಟೊ ಡಬ್ಬಿಗೆ ತುಂಬುವ ಕಾರ್ಖಾನೆ ಇತ್ತಂತೆ. ಹಿಂದುಗಡೆ ಮೈದಾನ, ಕಾರ್ಮಿಕರ ಕೋಣೆಗಳಲ್ಲೇ ಆಟಗಾರರ ವಾಸ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ತಂಡ ಬರುವುದು ನಿಂತಿಲ್ಲ. ಊರಿನ ಕ್ಷೌರದಂಗಡಿಯಲ್ಲಿ ಇಂದಿಗೂ ಏಪ್ರಿಲ್ ಅಂದರೆ ಹೆರನ್ಸ್ ತಿಂಗಳು.

ಒಗೆಯುವ ಕೋಣೆಯ ಹೊರಗಿನ ಗೋಡೆಯಲ್ಲಿ ವರ್ಷಕ್ಕೊಂದರಂತೆ ಅರವತ್ತು ಗುಂಪು ಫೋಟೊಗಳಿವೆ. ಕುತೂಹಲ ತಡೆಯದೆ ಒಂದೊಂದನ್ನೇ ನೋಡಿದೆ. ಬೇಬಿಯಕ್ಕ ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ. ಒಂದೇ ಒಂದು ಫೋಟೊದಲ್ಲಿ ಅವರ ಮೊಣಕೈ ಕಾಣಿಸುತ್ತದೆ, ಅದರ ಮೇಲೊಂದು ಟವೆಲ್.

ಮೂಲ್ಕಿಯ ಹತ್ತಿರದ ಊರು ಅವರದು. ಮದುವೆಗೆ ಮುಂಚೆ ಬೀಡಿ ಕಟ್ಟುತ್ತಿದ್ದರು, ದಿನಕ್ಕೆ ಸಾವಿರ. ಗಂಡ ನ್ಯೂಯಾರ್ಕಿನ ಜ್ಯಾಕ್ಸನ್ ಹೈಟ್ಸ್‌ನ ಹೋಟೆಲಿಗೆ ಮೊದಲು ಬಂದವರು, ಏಳು ವರ್ಷದ ನಂತರ ಇವರು. ಇಂಗ್ಲಿಷ್ ಬರುತ್ತಿರಲಿಲ್ಲ. ಈ ಮೈದಾನದಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಮಾತು ಬೇಕಾಗಿಲ್ಲ ಎಂದು ಯಾರೋ ಹೇಳಿದ್ದರು. ಹೆಸರು ಕೇಳಿದಾಗ "ಬೇಬಿ" ಎಂದಿದ್ದಕ್ಕೆ ಇಡೀ ತಂಡ ನಾಚಿಕೊಂಡಿತಂತೆ, ಇಲ್ಲಿಯವರು ಪ್ರೇಯಸಿಯನ್ನು ಕರೆಯುವುದು ಹಾಗೆ. ಅಲ್ಲಿಯ ಹಿರಿಯ ಕೆಲಸಗಾರ ವಾಲ್ಟ್ ಎಂಬವರು ಹೆಸರಿನ ಮುಂದೊಂದು ಮಿಸ್ ಸೇರಿಸಿ ಸಮಸ್ಯೆ ಬಗೆಹರಿಸಿದರು. ಅಂದಿನಿಂದ ಎಲ್ಲರಿಗೂ ಮಿಸ್ ಬೇಬಿ.

ಮೊದಲ ವಾರದಲ್ಲೇ ಒಂದು ಮಹಾ ಪ್ರಮಾದ ನಡೆಯಿತು. ಪಂದ್ಯಕ್ಕೆಂದು ವಾಲ್ಟ್ ಕೆಸರು ಹಚ್ಚಿ ಸಿದ್ಧಪಡಿಸಿ ಶೆಲ್ಫಿನಲ್ಲಿಟ್ಟಿದ್ದ ಆರು ಡಜನ್ ಚೆಂಡುಗಳು ಬೇಬಿಯಕ್ಕನ ಕಣ್ಣಿಗೆ ಬಿದ್ದವು.

"ಛೆ, ಹುಡುಗ್ರು ಎಷ್ಟು ಗಲೀಜು ಮಾಡಿಟ್ಟಿದ್ದಾರೆ ಅಂತ ನನಗೆ. ಪಾತ್ರೆ ಸೋಪು ಹಾಕಿ ಬ್ರಶ್ಶಲ್ಲಿ ತಿಕ್ಕಿದೆ. ಬೆಳ್ಳಗೆ ಮಾಡಿ ಟವೆಲಿನ ಮೇಲೆ ಹಪ್ಪಳ ಒಣಗಿಸಿದ ಹಾಗೆ ಸಾಲಾಗಿ ಇಟ್ಟೆ. ಶಭಾಸ್ ಹೇಳ್ತಾರೆ ಅಂತ ಕಾದು ಕೂತಿದ್ದೆ" ಎಂದು ಬೇಬಿಯಕ್ಕ ನಗುತ್ತಾರೆ. ಚರ್ಮ ನೀರು ಕುಡಿದು ಎಪ್ಪತ್ತೆರಡು ಚೆಂಡೂ ಕೆಟ್ಟಿದ್ದವು. ವಾಲ್ಟ್ ಬಂದರು, ನೋಡಿದರು, ಸ್ಟೂಲಿನ ಮೇಲೆ ಕುಸಿದರು. "ಬೈತಾರೆ ಅಂದ್ಕೊಂಡೆ. ಅವರು ಹೊಟ್ಟೆ ಹಿಡ್ಕೊಂಡು ನಗ್ಲಿಕ್ಕೆ ಶುರು. ಆಮೇಲೆ ಕೆಸರಿನ ಡಬ್ಬಿ ನನ್ನ ಕೈಗೆ ಕೊಟ್ರು. ತೊಳೆದವಳೇ ಹಚ್ಚು ಅಂತ."

ಮೂರನೇ ಚೆಂಡಿಗೆ ವಾಲ್ಟ್ ನಗು ನಿಲ್ಲಿಸಿದರಂತೆ. ಬೀಡಿಯ ಎಲೆಯೊಳಗೆ ಹೊಗೆಸೊಪ್ಪಿನ ಹುಡಿ ಎಷ್ಟು ಬಿಗಿಯಾಗಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲ ಬೆರಳುಗಳು ಅವು. ಏಳು ವರ್ಷದ ಕೆಳಗೆ ವಾಲ್ಟ್ ತೀರಿಕೊಂಡರು. ಅಂದಿನಿಂದ ಡಬ್ಬಿಯ ಜವಾಬ್ದಾರಿ ಇವರೊಬ್ಬರದೇ.

ನಾನು ಬಂದ ದಿನವೇ ಆ ಡಬ್ಬಿಯ ಹಣೆಬರಹ ತೀರ್ಮಾನವಾಗಬೇಕಿತ್ತು. ಎರಡು ವರ್ಷದ ಹಿಂದೆ ಬಂದ ಮ್ಯಾನೇಜರ್ ಕೀಗನ್ ಯಂತ್ರದಲ್ಲಿ ಹದ ಮಾಡಿದ ಚೆಂಡುಗಳನ್ನು ತರಿಸಿದ್ದಾರೆ. ಕೆಸರು ಬೇಡ, ಕೈ ಬೇಡ, ಪೆಟ್ಟಿಗೆ ಒಡೆದರೆ ಆಟ ಶುರು. ಹತ್ತು ಗಂಟೆಗೆ ಪರೀಕ್ಷೆ. ಆರು ಪಿಚರುಗಳು, ಅಂದರೆ ಚೆಂಡೆಸೆಯುವವರು, ನೀಲಿ ಬಕೆಟಿನಿಂದ ಹತ್ತು, ಬಿಳಿ ಬಕೆಟಿನಿಂದ ಹತ್ತು ಚೆಂಡು ಎಸೆದು ಯಾವುದು ಮೇಲು ಎಂದು ಹೇಳಬೇಕು. ನೀಲಿಯಲ್ಲಿ ಯಂತ್ರದ್ದು, ಬಿಳಿಯಲ್ಲಿ ಬೇಬಿಯಕ್ಕನದು. ಯಂತ್ರದ ಚೆಂಡಿಗೂ ಕೆಸರಿನ ಬಣ್ಣವೇ ಇರುವುದರಿಂದ ಎಸೆಯುವವರಿಗೆ ಗುಟ್ಟು ತಿಳಿಯದು. ನೀಲಿ ಗೆದ್ದರೆ ಮುಂದಿನ ವಸಂತದಿಂದ ಯಂತ್ರ. ಬೇಬಿಯಕ್ಕನಿಗೆ ಬಟ್ಟೆ ಒಗೆಯುವುದಷ್ಟೇ ಉಳಿಯುತ್ತದೆ.

"ಬಟ್ಟೆ ಯಾರು ಬೇಕಾದ್ರೂ ಒಗೀಬಹುದು. ಇದು ನನ್ನ ಕೆಲಸ" ಎನ್ನುವಾಗ ಅವರ ದನಿ ಸಣ್ಣದಾಗುತ್ತದೆ. ಆರನೇ ಡಜನ್ ಮುಗಿದಿದೆ. ಬಲಗೈಯ ಹೆಬ್ಬೆರಳನ್ನು ಎಡಗೈಯಲ್ಲಿ ಹಿಡಿದು ಒತ್ತಿಕೊಳ್ಳುತ್ತಿದ್ದಾರೆ. ನೋಯುತ್ತಿದೆಯಾ ಎಂದೆ. ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದರು: "ಈ ವಿಂಟರಿಂದ ಗಂಟು ಹಿಡಿದದೆ. ಆರು ಡಜನ್ ಆದ ಮೇಲೆ ತುದಿ ಮರಗಟ್ತದೆ. ಯಾರಿಗೂ ಗೊತ್ತಿಲ್ಲ. ಇದನ್ನು ಬರೀಬೇಡಿ." ಬರೆಯುವುದಿಲ್ಲ ಎಂದೆ. ಉಳಿದ ಎರಡು ಡಜನ್ನನ್ನು ಅವರು ಹಲ್ಲುಕಚ್ಚಿ ಮುಗಿಸಿದರು. ಬಕೆಟಿನಲ್ಲಿ ಅವೇ ಮೇಲಕ್ಕೆ ಬಂದವು.

ಹತ್ತು ಗಂಟೆಗೆ ಮೈದಾನದಲ್ಲಿ ತಣ್ಣನೆಯ ಗಾಳಿ. ಬೇಬಿಯಕ್ಕ ಒಗೆದ ಟವೆಲುಗಳನ್ನು ಮಡಿಸುವ ನೆಪದಲ್ಲಿ ಬೇಲಿಯ ಬಳಿ ನಿಂತಿದ್ದಾರೆ. ಮೊದಲು ಎಸೆದವನು ಈ ವರ್ಷ ಹೊಸದಾಗಿ ಬಂದ ಎತ್ತರದ ಹುಡುಗ. ನೀಲಿ ಎಂದ. ಎರಡನೆಯವನೂ ಹೊಸಬ. ಅವನೂ ನೀಲಿ. ನನಗೆ ಬೇಬಿಯಕ್ಕನ ಮುಖ ನೋಡುವ ಧೈರ್ಯವಾಗಲಿಲ್ಲ. ಮೂರನೆಯವನು ಎರಡೂ ಬಕೆಟಿನ ಚೆಂಡು ಎಸೆದು, ಇನ್ನೊಮ್ಮೆ ಮುಟ್ಟಿ ನೋಡಿ, ಬಿಳಿ ಎಂದ. ನಾಲ್ಕನೆಯವನು ಬಿಳಿ. ಐದನೆಯವನು ಬಿಳಿ. ಹನ್ನೊಂದು ವರ್ಷದಿಂದ ತಂಡದಲ್ಲಿರುವ ಕೊನೆಯವನು ನಾಲ್ಕೇ ಚೆಂಡಿಗೆ ನಿಲ್ಲಿಸಿ, ಬಿಳಿ, ಇನ್ನು ಎಸೆದು ಕೈ ಯಾಕೆ ನೋಯಿಸಿಕೊಳ್ಳಲಿ ಎಂದ.

ಕೀಗನ್ ಮುಚ್ಚುಮರೆ ಮಾಡುವವರಲ್ಲ. ಎಲ್ಲರ ಮುಂದೆಯೇ ಕೆಸರು ಉಳಿಯಿತು, ಮಿಸ್ ಬೇಬಿ ಉಳಿದರು ಎಂದು ಹೇಳಿದರು. ಹುಡುಗರು ಚಪ್ಪಾಳೆ ತಟ್ಟಿದರು. ನನಗಂತೂ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ಒಬ್ಬ, ಆ ಹೊಸಬರಿಬ್ಬರ ಬೆರಳಿಗೆ ಬುದ್ಧಿಯಿಲ್ಲ ಎಂದು ಗೇಲಿ ಮಾಡಿದ. ಉಳಿದವರು ನಕ್ಕರು. ಕೀಗನ್ ನಗಲಿಲ್ಲ. ನೋಟ್‌ಬುಕ್ ತೆಗೆದು ಆ ಇಬ್ಬರ ಹೆಸರಿನ ಮುಂದೆ ಏನೋ ಗೀಚಿದರು. ಶುಕ್ರವಾರ ಯಾರು ತಂಡದಲ್ಲಿ ಉಳಿಯುತ್ತಾರೆ, ಯಾರು ಮನೆಗೆ ಹೋಗುತ್ತಾರೆ ಎಂಬ ಪಟ್ಟಿ ಹೊರಬೀಳಲಿದೆ. ಎತ್ತರದ ಹುಡುಗ ತನ್ನ ಶೂ ನೋಡಿಕೊಂಡು ನಿಂತಿದ್ದ.

ಬೇಬಿಯಕ್ಕ ಟವೆಲನ್ನು ಬೇಲಿಯ ಮೇಲೆ ಹಾಕಿ ಮೈದಾನಕ್ಕೆ ನಡೆದರು. ಹತ್ತೊಂಬತ್ತು ವರ್ಷದಲ್ಲಿ ಅಭ್ಯಾಸದ ಹೊತ್ತಿನಲ್ಲಿ ಅವರು ಗೆರೆ ದಾಟಿ ಹುಲ್ಲಿನ ಮೇಲೆ ಕಾಲಿಟ್ಟಿದ್ದು ಅದೇ ಮೊದಲು ಎಂದು ಆಮೇಲೆ ತಿಳಿಯಿತು. ಅವರು ತಮ್ಮ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆ ಇಬ್ಬರು ಹುಡುಗರು ಹೇಳಿದ್ದು ಸರಿ. ಬಕೆಟಿನಲ್ಲಿ ಮೇಲಿದ್ದವು ನಾನು ಕೊನೆಗೆ ಮಾಡಿದ ಎರಡು ಡಜನ್. ಮೊದಲು ಎಸೆದವರಿಗೆ ಅವೇ ಸಿಕ್ಕವು. ಅವು ಚೆನ್ನಾಗಿರಲಿಲ್ಲ. ನನ್ನ ಹೆಬ್ಬೆರಳು ಮರಗಟ್ಟಿತ್ತು."

ಕೀಗನ್ ಬಕೆಟಿನ ಪಕ್ಕ ಬಿದ್ದಿದ್ದ ಚೆಂಡುಗಳಲ್ಲಿ ಒಂದೆರಡನ್ನು ಎತ್ತಿ ಬೆರಳಾಡಿಸಿದರು. ಇದನ್ನು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲವಲ್ಲ, ಯಾಕೆ ಹೇಳಿದಿರಿ ಎಂದು ಕೇಳಿದರು.

"ನಿಮಗೆ ಗೊತ್ತಾಗುತ್ತಿರಲಿಲ್ಲ. ಅವರ ಬೆರಳಿಗೆ ಗೊತ್ತಾಯಿತು. ಅಂಥ ಬೆರಳಿನವರನ್ನು ಮನೆಗೆ ಕಳಿಸಬೇಡಿ."

ಕೀಗನ್ ನೋಟ್‌ಬುಕ್ ತೆರೆದು ಬರೆದದ್ದನ್ನು ಹೊಡೆದುಹಾಕಿದರು. ಬೇಬಿಯಕ್ಕ ಬೇಲಿಯ ಬಳಿಗೆ ವಾಪಸು ಬಂದು, ಬೆಳಿಗ್ಗೆ ಬೇಡ ಅಂದದ್ದನ್ನು ಇನ್ನು ಬರೆಯಬಹುದು ಎಂದು ನನಗೆ ಅನುಮತಿ ಕೊಟ್ಟರು. ಹಿಂದೆಯೇ ಬಂದ ಕೀಗನ್, ಹಾಗಾದರೆ ನಾಳೆ ಏನು ಮಾಡುವುದು ಎಂದು ಕೇಳಿದರು. ಅವರಿಗೆ ಇಂಗ್ಲಿಷಿನಲ್ಲಿ ಚುಟುಕಾಗಿ ಉತ್ತರಿಸಿ, ಬೇಬಿಯಕ್ಕ ಟವೆಲ್ ಮಡಿಸುತ್ತ ನನಗೆ ಕನ್ನಡದಲ್ಲಿ ವಿವರಿಸಿದರು.

"ಅರ್ಧ ಗಂಟೆ ಬೇಗ ಬರ್ತೇನೆ ಅಂತ ಹೇಳಿದೆ. ಎರಡು ಡಜನಿಗೊಮ್ಮೆ ಬೆರಳಿಗೆ ರೆಸ್ಟ್ ಕೊಟ್ರಾಯ್ತು. ಮತ್ತೆ ನಾಳೆ ಮೊದಲು ಎಸೆಯುದು ಆ ಇಬ್ರು ಹುಡುಗ್ರೇ ಆಗ್ಲಿ ಅಂತ ಹೇಳಿದ್ದೇನೆ. ಅವರು ಒಳ್ಳೇದುಂಟು ಅಂದ್ರೆ ಮಾತ್ರ ಒಳ್ಳೇದು."