ಅರ್ಧ ಮನೆಯ ಸುಳ್ಳು

ಶೈಲಜಾ ಟೀಚರ್, ಅವತ್ತು ಮಧುಗಿರಿಯ ವೇದಿಕೆಯಲ್ಲಿ ಶ್ರುತಿ ತಪ್ಪಿದ್ದು ನಿಮ್ಮ ಕೀಬೋರ್ಡಲ್ಲ. ನಾನು ನಿಮಗೆ ಸುಳ್ಳು ಹೇಳಿದ್ದೆ. ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದು ಈಗ ಹೇಳುತ್ತಿದ್ದೇನೆ — ನಾಚಿಕೆಯಾಗುತ್ತದೆ.

ನಮ್ಮ ‘ಬಿಸಿಲು ಬ್ಯಾಟರಿ’ ಬ್ಯಾಂಡು ಶಿರಾದಲ್ಲಿ ಮುಜೀಬನ ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಹುಟ್ಟಿದ್ದು. ಮೂರೇ ಜನ. ಮುಜೀಬ ಬಾಸ್ ನುಡಿಸುತ್ತಾ ಹಾಡುತ್ತಾನೆ, ನನ್ನದು ಗಿಟಾರ್, ಡ್ರಮ್ಸ್ ಪಾವಗಡದ ಓಬಳೇಶನದು — ಪ್ರತಿ ಹಾಡನ್ನೂ ‘ಒಕಟಿ, ರೆಂಡು’ ಎಂದು ತೆಲುಗಿನಲ್ಲೇ ಎಣಿಸಿ ಶುರು ಮಾಡುವ ಆಸಾಮಿ. ನಮ್ಮದು ಪವರ್ ಪಾಪ್ ಎಂದು ನಮಗೇ ಗೊತ್ತಾದದ್ದು ಎರಡನೇ ಆಲ್ಬಮ್ ಮುಗಿದ ಮೇಲೆ. ಮೂರು ನಿಮಿಷದ ಹಾಡು, ಜೋರು ಗಿಟಾರು, ಬಾಯಲ್ಲೇ ಕೂತುಬಿಡುವ ರಾಗ, ಕೊನೆಗೊಂದು ಎತ್ತರದ ಕೂಗು. ಕಂಪನಿಯಿಲ್ಲ, ಮ್ಯಾನೇಜರ್ ಇಲ್ಲ. ಬಸ್ಸಿಗೆ ಸ್ಪೀಕರ್ ಹೇರಿದ್ದೂ ನಾವೇ. ಏನು ಮಜಾ ಇತ್ತು ಅಂತೀರಿ!

ಆ ಕೂಗೇ ಮುಜೀಬನ ಹೆಮ್ಮೆ. ನಲವತ್ತು ದಾಟಿದ ಮೇಲೆ ಅದು ಒಡೆಯತೊಡಗಿತು. ಅವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಗಿಟಾರ್, ಬಾಸ್ ಎರಡನ್ನೂ ಶ್ರುತಿ ಮಾಡುವವನು ನಾನೇ — ಹಾರ್ಮೋನಿಯಂ ಲೆಕ್ಕದಲ್ಲಿ ಅರ್ಧ ಮನೆ ಕೆಳಗಿಳಿಸಿಬಿಟ್ಟೆ. ಕೂಗು ಸಲೀಸಾಗಿ ಬಂತು.

"ನೋಡ್ಲಾ ನಾಗ, ಗಂಟ್ಲು ಇನ್ನೂ ಇಪ್ಪತ್ತರದ್ದೇ!" ಎಂದು ನನ್ನ ಬೆನ್ನು ತಟ್ಟಿದ, ಊರೆಲ್ಲ ಅದನ್ನೇ ಹೇಳಿಕೊಂಡು ಬಂದ. ನನಗೂ ಒಳಗೊಳಗೇ ಖುಷಿ.

ಆಗ ನೀವು ಸಿಕ್ಕಿರಿ. ಕೊರಟಗೆರೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾ, ನಮ್ಮ ಹಳೆಯ ರೆಕಾರ್ಡಿಂಗ್ ಕೇಳಿಯೇ ಎಲ್ಲ ಹಾಡನ್ನೂ ಕಲಿತಿದ್ದಿರಿ. ಮಧುಗಿರಿಯ ಕಾರ್ಯಕ್ರಮಕ್ಕೆ ಕೀಬೋರ್ಡ್ ನುಡಿಸಲು ನಿಮ್ಮನ್ನು ಕರೆದದ್ದು ಮುಜೀಬನೇ. ಅಭ್ಯಾಸಕ್ಕೆ ಸಮಯವಿರಲಿಲ್ಲ. ವೇದಿಕೆ ಹತ್ತುವಾಗ ಕೇಳಿದಿರಿ, "ಸಾರ್, ಶ್ರುತಿ ರೆಕಾರ್ಡಿಂಗ್‌ನಲ್ಲಿ ಇರೋದೇನಾ?" ಮುಜೀಬ ಪಕ್ಕದಲ್ಲೇ ನಿಂತಿದ್ದ.

"ಅದೇ ಕಣಮ್ಮ, ಏನೂ ಬದ್ಲಾಯ್ಸಿಲ್ಲ," ಅಂದೆ.

ನಿಮ್ಮದು ರೆಕಾರ್ಡಿಂಗಿನ ಶ್ರುತಿ, ನಮ್ಮದು ಅದಕ್ಕಿಂತ ಅರ್ಧ ಮನೆ ಕೆಳಗೆ. ಹಾಡಿನ ಮೊದಲ ಸಾಲಿಗೇ ಜನ ಕಿವಿ ಮುಚ್ಚಿಕೊಂಡರು. ಮುಜೀಬ ಮೈಕಿನಲ್ಲೇ, "ಟೀಚರಮ್ಮ ನಿಲ್ಸಿ, ನಿಮ್ದು ಶ್ರುತಿ ತಪ್ತಾ ಐತೆ," ಅಂದ. ನೀವು ನನ್ನ ಕಡೆ ನೋಡಿದಿರಿ. ನಾನು — ತಂತಿ ನೋಡುತ್ತಾ ನಿಂತೆ. ನೀವು ಇಳಿದು ಹೋದಿರಿ. ನಾವು ಹಾಡು ಮುಗಿಸಿ ಚಪ್ಪಾಳೆ ತೆಗೆದುಕೊಂಡೆವು.

ಹೋದ ವಾರ ಶಿರಾದಲ್ಲಿ ನಿಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. "ಮಿಸ್ ಪಾಠ ನಿಲ್ಸಿ ಆರು ವರ್ಸ ಆಯ್ತು ಸಾರ್. ನನ್ ಕಿವೀನೇ ನೆಟ್ಗಿಲ್ಲ, ನಿಮ್ಗೇನ್ ಕಲ್ಸಲಿ ಅಂದ್ಬುಟ್ರು," ಅಂದಳು. ನಾನು ಅಂದುಕೊಂಡಿದ್ದೆ, ಒಂದು ಸಂಜೆಯ ಅವಮಾನ, ಮರೆತಿರುತ್ತೀರಿ ಎಂದು. ಆದರೆ ಆರು ವರ್ಷ...

ಮೊದಲು ಮುಜೀಬನಿಗೆ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಲೇ, ಇಷ್ಟು ವರ್ಸ ನನ್ ಗಂಟ್ಲಿಗೆ ನಾನೇ ಸಲಾಂ ಹೊಡ್ಕೊಂಡು ತಿರುಗಿದ್ನಲ್ಲೋ!" ಆಮೇಲೆ ನಗು ನಿಂತಿತು. "ಆ ಟೀಚರಮ್ಮನ್ಗೆ ಇಂಗೆ ಮಾಡ್ಬುಟ್ವಾ?" ಅಂದ. ಮಾಡಿದ್ದು ಅವನಲ್ಲ, ನಾನು.

ಬರುವ ಶನಿವಾರ ಅದೇ ವೇದಿಕೆಯಲ್ಲಿ ನಮ್ಮ ಕಾರ್ಯಕ್ರಮವಿದೆ. ಮೊದಲ ಹಾಡಿಗೂ ಮುಂಚೆ ಇದಿಷ್ಟನ್ನೂ ಮೈಕಿನಲ್ಲಿ, ನಿಮ್ಮ ಹೆಸರು ಹಿಡಿದೇ ಹೇಳುತ್ತೇನೆ. ನೀವು ಬರಲೇಬೇಕೆಂದಿಲ್ಲ, ಕ್ಷಮಿಸಬೇಕೆಂದೂ ಇಲ್ಲ. ಅವತ್ತು ಸರಿಯಾದ ಶ್ರುತಿಯಲ್ಲಿ ನುಡಿಸಿದವರು ನೀವೊಬ್ಬರೇ, ಟೀಚರ್ — ಮಕ್ಕಳನ್ನು ಮತ್ತೆ ಕರೆಯಿರಿ.